ಗೊಬ್ಬರದ ಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ಹಿರಿಯರು ವಿಧಿಸಿದರೇ ಹೊರತು ಗೊಬ್ಬರದ ಮೂಲವನ್ನು ಕೇಳಬಾರದೆಂದು ಯಾರೂ ಹೇಳಿದಂತೆ ಕಾಣೆ. ಕೇಳುವ ಪ್ರಮೇಯವೇ ಅವರಿಗೆ ಒದಗಿರಲಿಲ್ಲ. ಮಲೆನಾಡಿನ ಮನೆಯ ಹಿಂದಣ ಗೊಬ್ಬರಗುಂಡಿಗೆ ಬಿದ್ದದ್ದು ಯಾವ ಕೊಟ್ಟಿಗೆಯ ಸಗಣಿ, ಯಾವ ಬೆಟ್ಟದ ಸೊಪ್ಪು, ಯಾವ ಮರದ ದರಗು ಎಂಬುದು ಮನೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ; ದೀಪಾವಳಿಯ ಸಂಜೆ ತಿಪ್ಪೆಯ ಮೇಲೂ ಒಂದು ಹಣತೆಯನ್ನಿಡುತ್ತಿದ್ದ ಆ ಜನಕ್ಕೆ ಗೊಬ್ಬರವು ಅಂಗಡಿಯಲ್ಲಿ ಆರಿಸಿ ಕೊಳ್ಳುವ ಪದಾರ್ಥವಾಗಿರಲಿಲ್ಲ. ಅಂಥ ಮನೆಗಳಿಂದ ಹೊರಟು ಸಿಯಾಟಲ್ ನಗರದ ಆಸುಪಾಸಿನ ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್‌ಗಳಲ್ಲಿ ನೆಲೆಸಿದ ಕನ್ನಡಿಗನು, ಏಪ್ರಿಲಿನ ಚಳಿಯ ಮುಂಜಾನೆ ಲಾರಿಯು ಮನೆಯ ಮುಂದೆ ಸುರಿದುಹೋದ, ಒಳಗಿನ ಕಾವಿನಿಂದ ಇನ್ನೂ ಹಬೆಯಾಡುತ್ತಿರುವ ಕರಿಯ ರಾಶಿಯೆದುರು ಸಲಿಕೆ ಹಿಡಿದು ನಿಂತಾಗ, ಅದರ ಕುಲಗೋತ್ರವನ್ನು ಯಾರಲ್ಲಿ ವಿಚಾರಿಸಬೇಕು?

ಆ ಸೀಮೆಯ ನೆಲವೇ ಗೊಬ್ಬರವನ್ನು ಬೇಡುವ ನೆಲ. ಸುಮಾರು 16,000 ವರ್ಷಗಳ ಹಿಂದೆ ಹಿಮದ ಮಹಾರಾಶಿಯೊಂದು ಉತ್ತರಕ್ಕೆ ಸರಿಯುತ್ತ ಬಿಟ್ಟುಹೋದ ಜಲ್ಲಿಯೂ ಮರಳೂ, ಅವುಗಳ ಕೆಳಗೆ ಗುದ್ದಲಿಗೂ ಬಗ್ಗದಂತೆ ಒತ್ತಿಹೋದ ಗಟ್ಟಿ ಪದರವೂ ಅಲ್ಲಿನ ಆಸ್ತಿ; ಚಳಿಗಾಲದ ಮಳೆಯು ಇದ್ದ ಸಾರವನ್ನು ತೊಳೆದರೆ, ಬೇಸಗೆಯು ಮಳೆಯನ್ನೇ ಮರೆಯುತ್ತದೆ. ಆದರೂ ಇಟಲಿಯಿಂದ ಬಂದ ಪಿಕಾರ್ಡೋ ಮನೆತನದವರು ಸಿಯಾಟಲ್ಲಿನ ವೆಜ್‌ವುಡ್ ಬಡಾವಣೆಯ ತಗ್ಗಿನ ಕಪ್ಪು ಮಣ್ಣಿನಲ್ಲಿ ದಶಕಗಳ ಕಾಲ ತರಕಾರಿ ಬೆಳೆದು ಮಾರಿದರು. 1973ರಲ್ಲಿ ಆ ಹೊಲವೇ ನಾಗರಿಕರು ತುಂಡುತುಂಡಾಗಿ ಉಳುವ ಸಾಮುದಾಯಿಕ ತೋಟವಾಯಿತು. ಇಂದಿಗೂ ಊರಿನ ಇಂಥ ತೋಟಗಳಿಗೆಲ್ಲ ‘ಪಿ-ಪ್ಯಾಚ್’ ಎಂದೇ ಹೆಸರು. ಆ ‘ಪಿ’ ಪಿಕಾರ್ಡೋ ಎಂಬುದರ ಮೊದಲಕ್ಷರ. 1978ರಲ್ಲಿ ಹುಟ್ಟಿದ ‘ಸಿಯಾಟಲ್ ಟಿಲ್ತ್’ ಎಂಬ ಸಂಸ್ಥೆಯು ಮನೆಯ ಹಿತ್ತಲಲ್ಲೇ ಗೊಬ್ಬರ ಮಾಡುವ ವಿದ್ಯೆಯನ್ನು ನೆರೆಹೊರೆಗೆ ಕಲಿಸತೊಡಗಿತು. ‘ಟಿಲ್ತ್’ ಎಂದರೆ ನಮ್ಮ ರೈತರು ಮಣ್ಣಿನ ‘ಹದ’ ಎನ್ನುವರಲ್ಲ, ಅದೇ.

ಇಷ್ಟರವರೆಗೆ ಗೊಬ್ಬರವು ಆಸಕ್ತರ ವಿಷಯ. ಅದನ್ನು ರಾಜಕಾರಣದ ವಿಷಯವನ್ನಾಗಿ ಮಾಡಿದ್ದು ಕಸ. ನಗರವು ಕಸ ಸುರಿಯುತ್ತಿದ್ದ ಮಿಡ್‌ವೇ ಗುಂಡಿ 1983ರಲ್ಲಿಯೂ, ಕೆಂಟ್ ಹೈಲ್ಯಾಂಡ್ಸ್ ಗುಂಡಿ 1986ರಲ್ಲಿಯೂ ಮುಚ್ಚಿದವು. ಮುಚ್ಚಿದ ಮೇಲೂ ಮಿಡ್‌ವೇ ಸುಮ್ಮನಿರದೆ, ಒಳಗೆ ಕೊಳೆತದ್ದರ ಮೀಥೇನ್ ಅನಿಲವು ನೆಲದಡಿಯಲ್ಲಿ ಹರಿದು ನೆರೆಯ ಮನೆಗಳನ್ನು ಹೊಕ್ಕಿತು. ಗುಂಡಿಯಲ್ಲಿ ಉಸಿರುಕಟ್ಟಿ ಕೊಳೆತರೆ ವಿಷವಾಗುವ ಹುಲ್ಲೂ ಎಲೆಯೂ ಗಾಳಿಯಾಡುವ ರಾಶಿಯಲ್ಲಿ ಕಳಿತರೆ ಸಾರವಾಗುತ್ತವೆಂಬ ಹಳ್ಳಿಯ ಸತ್ಯವು ಆಗ ನಗರಸಭೆಗೆ ಮನವರಿಕೆಯಾಯಿತು. 1989ರಲ್ಲಿ ತೋಟದ ಕಸವನ್ನು ಮಾಮೂಲು ಕಸದ ಡಬ್ಬಿಗೆ ಹಾಕಕೂಡದೆಂಬ ಕಟ್ಟಳೆ ಹೊರಟಿತು; ಮನೆಮನೆಯಿಂದ ಸಂಗ್ರಹಿಸಿದ್ದು ಮೇಪಲ್ ವ್ಯಾಲಿಯ ಸೀಡರ್ ಗ್ರೋವ್ ಕಾರ್ಖಾನೆಯಲ್ಲಿ ಗೊಬ್ಬರವಾಗಿ ಅದೇ ಮನೆಗಳಿಗೆ ಮರಳಿತು.

ಇದೇ ನಾಡಿನಲ್ಲಿ ಚರಂಡಿಯ ಶೇಷವನ್ನು ಮರದ ಹೊಟ್ಟಿನೊಡನೆ ಕಳಿಸಿ ‘ಗ್ರೋಕೋ’ ಎಂಬ ಗೊಬ್ಬರವನ್ನು ಮಾಡುತ್ತಿದ್ದರೆಂದರೆ ನಮ್ಮಲ್ಲಿ ಅನೇಕರು ಮೂಗು ಮುಚ್ಚಿಕೊಂಡಾರು. ಹಾಗೆ ಮುಚ್ಚಿಕೊಳ್ಳುವ ಮುನ್ನ, ಊರ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಗೆ ತುಂಬಿ ಗೊಬ್ಬರ ಮಾಡುವ ವಿಧಾನವನ್ನು 1939ರಲ್ಲಿ ರೂಪಿಸಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯರೆಂಬುದನ್ನೂ, ಕೃಷಿಗ್ರಂಥಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ವೆಂದೇ ಹೆಸರೆಂಬುದನ್ನೂ ನೆನೆಯುವುದು ಮೇಲು. ಸಿಯಾಟಲ್ಲಿನವರ ರಸಿಕತೆಯಾದರೋ ಇನ್ನೂ ಮುಂದೆ ಹೋಯಿತು: ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯದ ಸಸ್ಯಾಹಾರಿ ಪ್ರಾಣಿಗಳ ಲದ್ದಿಯಿಂದಾದ ‘ಝೂ ಡೂ’ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿ ಚೀಟಿಯೆತ್ತಿ ಹಂಚಬೇಕಾಯಿತು.

ಈ ಉತ್ಸಾಹಕ್ಕೆ ಪೆಟ್ಟು ಬಿದ್ದದ್ದು ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿ. 1999-2000ರ ಸುಮಾರಿಗೆ ಪುಲ್‌ಮನ್ ಮತ್ತು ಸ್ಪೋಕೇನ್ ಊರುಗಳ ಗೊಬ್ಬರವನ್ನು ಹಾಕಿದ ತೋಟಗಳಲ್ಲಿ ಟೊಮೇಟೋ, ಹುರುಳಿಕಾಯಿ ಗಿಡಗಳು ಮುರುಟಿದವು. ಬಣ್ಣ, ವಾಸನೆ, ಹದ ಯಾವುದರಲ್ಲಿಯೂ ಆ ಗೊಬ್ಬರಕ್ಕೆ ಕುಂದಿರಲಿಲ್ಲ. ಕುಂದಿದ್ದದ್ದು ಮೂಲದಲ್ಲಿ: ಹುಲ್ಲುಹಾಸಿನ ಕಳೆಗೆ ಸಿಂಪಡಿಸಿದ ಕ್ಲೋಪೈರಲಿಡ್ ಎಂಬ ರಾಸಾಯನಿಕವು ರಾಶಿಯ ಕಾವಿನಲ್ಲಿಯೂ ನಾಶವಾಗದೆ ಉಳಿದಿತ್ತು; ಶತಕೋಟಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಅಂಥ ಗಿಡಗಳಿಗೆ ಅದು ಸಾಕು. 2002ರಲ್ಲಿ ವಾಷಿಂಗ್ಟನ್ ರಾಜ್ಯವು ಮನೆಗಳ ಹುಲ್ಲುಹಾಸಿನ ಮೇಲೆ ಅದರ ಬಳಕೆಯನ್ನು ನಿಷೇಧಿಸಿತು. ಗೊಬ್ಬರದ ಪರೀಕ್ಷೆಯಲ್ಲಿ ಕೈಯೂ ಮೂಗೂ ಸೋತ ಮೊದಲ ಪ್ರಸಂಗವಿದೆಂದು ನನಗೆ ತೋರುತ್ತದೆ. ಮುಂದೆ 2005ರಲ್ಲಿ ಅಡಿಗೆಮನೆಯ ಸಿಪ್ಪೆಗಳಿಗೂ ತೋಟದ ಕಸದೊಡನೆ ಪ್ರವೇಶ ದೊರೆತು, 2015ರಲ್ಲಿ ಅವು ಮಾಮೂಲು ಡಬ್ಬಿಯಿಂದ ಬಹಿಷ್ಕೃತವಾದವು; ಅಂದಿನಿಂದ ಹಣ್ಣಿಗೆ ಅಂಟಿಸಿದ ಪ್ಲಾಸ್ಟಿಕ್ ಚೀಟಿಗಳೂ ಗೊಬ್ಬರದ ಕುಲದೊಳಗೆ ಸೇರಿಕೊಂಡಿವೆ.

ಹಾಗೆಂದು ಕೈಯ ತೀರ್ಪು ತಳ್ಳತಕ್ಕದ್ದಲ್ಲ. ಹಿಡಿಯಷ್ಟನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಗಟ್ಟಬೇಕು, ನೀರು ತೊಟ್ಟಿಕ್ಕಕೂಡದು, ಬೆರಳು ತಾಗಿದರೆ ಪುಡಿಯಾಗಬೇಕು; ಮೂಗಿಗೆ ಮಳೆಬಿದ್ದ ಕಾಡುನೆಲದ ವಾಸನೆ ಬರಬೇಕು. ಕೊಟ್ಟಿಗೆಯ ಘಾಟು ಬಂದರೆ ಇನ್ನೂ ಕಳಿಯಬೇಕಾದದ್ದು, ಹುಳಿ ಬಂದರೆ ಉಸಿರುಕಟ್ಟಿದ್ದು. ಕಾರ್ಖಾನೆಯ ರಾಶಿಯು 55 ಡಿಗ್ರಿ ಸೆಲ್ಸಿಯಸ್ ಕಾವನ್ನು ಮೂರು ದಿನವಾದರೂ ಕಂಡಿದೆಯೆ, ಪ್ರಯೋಗಾಲಯದ ಪತ್ರವಿದೆಯೆ ಎಂದು ಕೇಳುವುದೂ ಈಗ ಸಂಕೋಚದ ಮಾತಲ್ಲ. ಇಷ್ಟೆಲ್ಲ ಆದ ಮೇಲೆಯೂ ಸಂಶಯ ನೀಗದಿದ್ದರೆ ಒಂದು ಉಪಾಯವುಂಟು. ಒಂದು ಕುಂಡದಲ್ಲಿ ನಂಬಿಕೆಯ ಮಣ್ಣನ್ನೂ, ಇನ್ನೊಂದರಲ್ಲಿ ಅದೇ ಮಣ್ಣಿಗೆ ಹೊಸ ಗೊಬ್ಬರವನ್ನು ಬೆರೆಸಿಯೂ ತುಂಬಿ, ಎರಡರಲ್ಲಿಯೂ ಹುರುಳಿಕಾಯಿಯ ಬೀಜವನ್ನು ಊರಿ, ದಕ್ಷಿಣದ ಕಿಟಕಿಯ ಬಿಸಿಲಿಗಿಟ್ಟು ಮೂರು ವಾರ ಕಾಯಬೇಕು. ಎರಡನೆಯ ಕುಂಡದ ಎಲೆಗಳು ಮಾತ್ರ ಬಟ್ಟಲಿನಂತೆ ಒಳಕ್ಕೆ ಮಡಿಚಿಕೊಂಡಿದ್ದರೆ ಆ ರಾಶಿಯು ಹುಲ್ಲುಹಾಸಿಗೆ ಸಲ್ಲಲಿ. ಎರಡರಲ್ಲಿಯೂ ಒಂದೇ ತೆರನಾಗಿ ಚಪ್ಪಟೆಯಾಗಿ ಅರಳಿದ್ದರೆ, ಅಷ್ಟರಲ್ಲಿ ಮೇ ತಿಂಗಳು ಬಂದು, ಒಳಗೆ ಬೆಳೆಸಿದ ಬದನೆಯ ಸಸಿಗಳು ಮಡಿಗೆ ಇಳಿಯಲು ಸಿದ್ಧವಾಗಿರುತ್ತವೆ.