ನಿರೀಕ್ಷೆ: ಕಾಣದ್ದರ ಕಡೆಗೊಂದು ನೋಟ

ವಿಜಯಪುರ ಕಡೆಯ ಟಿಕೋಟಾ, ಬಬಲೇಶ್ವರದ ಮನೆಮಾತಿನಲ್ಲಿ ‘ನಿರೀಕ್ಷೆ’ ಅಷ್ಟಾಗಿ ಕಿವಿಗೆ ಬೀಳದು. ಅಲ್ಲಿ ಇರುವುದು ‘ಹಾದಿ ನೋಡೂದು’. ಮಳೀ ಹಾದಿ ನೋಡತಾರ, ಒಣದ್ರಾಕ್ಷಿಗೆ ರೇಟು ಬರೂ ಹಾದಿ ನೋಡತಾರ, ದುಡಿಯಾಕ ಪುಣೆಗೆ ಹೋದ ಮಗನ ಹಾದಿ ನೋಡತಾರ. ನಿರೀಕ್ಷೆಯ ಬಳಗ ಏನಿದ್ದರೂ ಕಚೇರಿಯದು: ತಾಲ್ಲೂಕಿನಲ್ಲಿ ಕಂದಾಯ ನಿರೀಕ್ಷಕ, ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು.

ತಪಾಸಣೆಗೂ ಕಾಯುವುದಕ್ಕೂ ಒಂದೇ ಪದ ಸಂದದ್ದು ಹೇಗೆ? ಸಂಸ್ಕೃತದ ‘ಈಕ್ಷ್’ ಎಂದರೆ ನೋಡು. ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ ಎಲ್ಲವೂ ಅದೇ ಧಾತುವಿನ ಮಕ್ಕಳು. ‘ನಿರ್’ ಸೇರಿದಾಗ ದಿಟ್ಟಿಸಿ ನೋಡುವುದಾಯಿತು. ಬಾಗಿಲಲ್ಲಿ ನಿಂತು ದಿಟ್ಟಿಸುವವರು ಯಾರಿಗೋ ಕಾಯುತ್ತಿರುತ್ತಾರೆ; ಅರ್ಥವೂ ಅತ್ತ ಹೊರಳಿತು. ನಮ್ಮ ‘ಎದುರುನೋಡು’ ಕೂಡ ಕಣ್ಣಿನಿಂದಲೇ ಹೊರಟು ಅಲ್ಲಿಗೇ ಮುಟ್ಟಿದ ಪದ.

ಈ ಪದಕ್ಕೆ ಬೈಬಲ್ಲಿನಲ್ಲಿ ಮತ್ತೊಂದು ತಿರುವು ಸಿಕ್ಕಿತು. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದ. ಬಾಸೆಲ್ ಮಿಷನ್ನು 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಗುಳೇದಗುಡ್ಡಕ್ಕೆ, ಆಮೇಲೆ ವಿಜಯಪುರಕ್ಕೂ ಬಂತು. ಈ ಭಾಗದ ಪ್ರಾಟೆಸ್ಟೆಂಟರು ಓದುವ ಬೈಬಲ್ಲಿನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಜೊತೆಜೊತೆಗೇ ಇವೆ. ಅದರಲ್ಲೇ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಒಂದು ತಕರಾರು ಎತ್ತುತ್ತಾನೆ: ಕಣ್ಣಿಗೆ ಬಿದ್ದಿದ್ದಕ್ಕೆ ಇನ್ನು ನಿರೀಕ್ಷೆ ಯಾಕೆ? ನೋಟದಿಂದಲೇ ಹುಟ್ಟಿದ ಪದ ಹೀಗೆ ಕಾಣದ್ದಕ್ಕೆ ಮೀಸಲಾಯಿತು. ಮೂಲ ಗ್ರೀಕಿನ ‘ಎಲ್ಪಿಸ್’ಗೆ ಕಣ್ಣಿಲ್ಲ; ಈ ಎಳೆದಾಟ ಕನ್ನಡದಲ್ಲಿ ಓದುವವರಿಗೆ ಸಿಕ್ಕಿದ್ದು.

ತಾವೇ ಜೀವ ಕಳೆದುಕೊಂಡವರ ಮನೆಗೆ ಈ ಎಳೆದಾಟ ಬರಿಯ ವ್ಯಾಕರಣವಲ್ಲ. ಮನೆಯವರ ಬಾಯಲ್ಲಿ ಇವೇ ಮಾತು: ‘ಹಿಂಗ ಮಾಡ್ಕೋತಾನಂತ ಅನ್ಕೊಂಡಿದ್ದಿಲ್ಲ’, ‘ಮಗ್ಗಲದಾಗ ಇದ್ರೂ ನಮಗ ಕಾಣಲಿಲ್ಲಲ್ಲಾ’. ಬಂದ ನೆಂಟರೆಲ್ಲ ಹಳೆಯ ಅರ್ಥದ ನಿರೀಕ್ಷಕರು: ಸಾಲ ಇತ್ತೇನು, ಯಾರ ಜೋಡಿ ಜಗಳಾಡಿದ್ದ? ಕ್ರೈಸ್ತರ ಮನೆಯಾದರೆ ಮತ್ತೊಂದು ಪ್ರಶ್ನೆ ಬಾಯಿಗೆ ಬಾರದೆ ಸುತ್ತುತ್ತದೆ, ಅವನಿಗೆ ಪರಲೋಕ ಸಿಕ್ಕೀತೇನು ಅಂತ. ಮಣ್ಣಿನ ಹೊತ್ತಿಗೆ ಥೆಸಲೋನಿಕದವರಿಗೆ ಬರೆದ ಪತ್ರ ಓದಿದರೆ, ಅದನ್ನು ‘ಅಳಬ್ಯಾಡ್ರಿ’ ಎಂಬ ಅಪ್ಪಣೆಯಾಗಿ ಕೇಳಿಸಿಕೊಳ್ಳುವವರುಂಟು. ನನಗದು ಸರಿಕಾಣದು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿರಿ ಎಂದಷ್ಟೇ ಪೌಲನ ಮಾತು; ದುಃಖವನ್ನೇ ಅವನು ಕಸಿದುಕೊಂಡಿಲ್ಲ. ಸತ್ತ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸುವೂ ಮೊದಲು ಅತ್ತ.

ಕ್ರೈಸ್ತ ಸಭೆಯೂ ಬಹುಕಾಲ ನಿರೀಕ್ಷಕನ ಪಾತ್ರವನ್ನೇ ವಹಿಸಿತ್ತು. ಬೇಕೆಂದೇ ಜೀವ ತೆಗೆದುಕೊಂಡವರಿಗೆ ಕ್ರೈಸ್ತ ಸಮಾಧಿ ಇಲ್ಲವೆಂದು ಕ್ಯಾಥೊಲಿಕ್ ಧರ್ಮಸಭೆಯ 1917ರ ಕಾನೂನು ಬರೆದಿತ್ತು. 1983ರ ಕಾನೂನಿನಲ್ಲಿ ಆ ನಿಷೇಧ ಹೋಯಿತು. ಅಂಥವರ ರಕ್ಷಣೆಯ ವಿಷಯದಲ್ಲಿ ನಿರಾಶೆ ಬೇಡ, ದೇವರಿಗೆ ಮಾತ್ರ ತಿಳಿದ ದಾರಿಗಳಿವೆ, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು 1992ರ ಧರ್ಮೋಪದೇಶ ಗ್ರಂಥ ಸಾರಿತು. ಈಗ ವಿಜಯಪುರದ ಕ್ಯಾಥೊಲಿಕ್ ಚರ್ಚಿನಲ್ಲೂ ಅವರ ಹೆಸರಿನಲ್ಲಿ ಪೂಜೆ ಹೇಳಿಸಲು ಅಡ್ಡಿಯಿಲ್ಲ.