ಡಾಂಬರು ಡ್ರಮ್ಮಿನೊಳಗೆ ನಕ್ಷತ್ರ

ಮೊನ್ನೆ ಒಂದು ವಿಚಾರ ಸಂಕಿರಣದಲ್ಲಿ ಯುವ ಪ್ರಾಧ್ಯಾಪಕರೊಬ್ಬರು ಸ್ಲೈಡ್ ಹಾಕಿ ವಿವರಿಸಿದರು: ಕಲೆಯ ಮೂಲಕ ಸಮಾಜವನ್ನು ಶೋಧಿಸುವ ಪರಿಪಾಠ ಈಚೆಗೆ ಪಶ್ಚಿಮದ ವಿಶ್ವವಿದ್ಯಾಲಯಗಳಿಂದ ಬಂದದ್ದಂತೆ. ಹೆಸರು ಅಲ್ಲಿಂದ ಬಂದಿರಬಹುದು. ಕೆಲಸ ನಮ್ಮಲ್ಲಿ ಹಳೆಯದು.

1943ರಲ್ಲೇ ಕಲಾವಿದ ಚಿತ್ತಪ್ರಸಾದ್ ಬಂಗಾಳದ ಮೇದಿನೀಪುರದ ಹಳ್ಳಿಗಳನ್ನು ಸುತ್ತಿ, ಕ್ಷಾಮಕ್ಕೆ ಸಿಕ್ಕವರ ಚಿತ್ರ ಬರೆದು ಜೊತೆಗೆ ವರದಿಯನ್ನೂ ಬರೆದರು. ಅವರ ‘ಹಂಗ್ರಿ ಬೆಂಗಾಲ್’ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ನಾಶಮಾಡಿತು. ಚಿತ್ರ ಬರೀ ಚಿತ್ರವಾಗಿದ್ದರೆ ಅಷ್ಟು ಗಾಬರಿ ಯಾಕೆ?

ನಮ್ಮ ಕಡೆ 1975ರಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಅದು ಬೀದಿ ನಾಟಕ ಮಾಡಿತು. ಅಂಥ ನಾಟಕ ಮುಗಿದ ಮೇಲೆ ಜನ ಸುತ್ತ ನಿಂತು ತಮ್ಮೂರಿನ ಕತೆ ಹೇಳತೊಡಗಿದರೆ, ನನ್ನ ಮಟ್ಟಿಗೆ ಅದೇ ಕ್ಷೇತ್ರಕಾರ್ಯ. ಆಗ ಅದನ್ನು ಹಾಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೇ.

ನನಗೆ ಹೆಚ್ಚು ಹತ್ತಿರದ್ದು ಆಮೇಲಿನ ಬೆಂಗಳೂರಿನ ಇಬ್ಬರು ಕಲಾವಿದೆಯರ ಕೆಲಸ. ಮೊದಲನೆಯವರದಕ್ಕೆ ಒಂದು ಹಿನ್ನೆಲೆ ಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅಂಡಮಾನಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ, ಅಳತೆ ಸಿಗುವ ಹಾಗೆ ಫೋಟೊ ತೆಗೆದಿದ್ದ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಎನ್. ಪುಷ್ಪಮಾಲಾ ಅಂಥದೇ ಪರದೆಯ ಮುಂದೆ ತಾವೇ ನಿಂತರು. ನೋಡಿದ ಕೂಡಲೇ ನಗು ಬರುತ್ತದೆ, ಆಮೇಲೆ ಮುಜುಗರ. ಅಳೆಯುವವನ ಕಣ್ಣನ್ನೇ ಅಳತೆಗೆ ಹಿಡಿದ ಕೃತಿ ಅದು.

ಎರಡನೆಯವರು, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ; ಅವರ ದಾರಿ ಬೇರೆ. ಅವರು ವಸ್ತುವಿನ ಬೆನ್ನು ಹತ್ತುತ್ತಾರೆ. ರಸ್ತೆ ಕೆಲಸದವರು ಖಾಲಿ ಡಾಂಬರು ಡ್ರಮ್ಮನ್ನು ಸೀಳಿ, ಬಡಿದು, ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. 2006ರ ‘ಡಾರ್ಕ್‌ರೂಮ್’ ಆ ಡ್ರಮ್ಮು, ತಗಡುಗಳದ್ದೇ ಕಟ್ಟಡ. ಹೊರಗಿನಿಂದ ಕೋಟೆಯ ಗತ್ತು. ಒಳಗೆ ಹೋಗಬೇಕಾದರೆ ಬೆನ್ನು ಬಗ್ಗಿಸಲೇಬೇಕು. ಒಳಗೆ ಕತ್ತಲು; ತಲೆಯೆತ್ತಿದರೆ ಚಾವಣಿಯ ತೂತುಗಳಲ್ಲಿ ಬೆಳಕು, ಥೇಟ್ ನಕ್ಷತ್ರ. 2009ರಲ್ಲಿ ವೆನಿಸ್ ಬಿಯನಾಲೆ ಕಲಾ ಪ್ರದರ್ಶನದಲ್ಲಿ ಅವರು ‘ಬಿಹೋಲ್ಡ್’ ಕಟ್ಟಿದ್ದು ಸುಮಾರು 4000 ಮೀಟರ್ ಕೂದಲ ಹಗ್ಗದಿಂದ. ದೃಷ್ಟಿ ತಾಗದಿರಲೆಂದು ಗಾಡಿಯ ಬಂಪರಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ದೇವರಿಗೆ ಮುಡಿ ಕೊಟ್ಟ ಕೂದಲಲ್ಲಿ ಉದ್ದದ್ದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗುತ್ತದೆ. ಹರಕೆ, ರಫ್ತು, ಭಯ ಮೂರನ್ನೂ ಒಂದೇ ಎಳೆಯಲ್ಲಿ ಹೊಸೆದು ತೋರಿಸಿದ ಪಿಎಚ್.ಡಿ. ಪ್ರಬಂಧವನ್ನು ನಾನಂತೂ ಓದಿಲ್ಲ.

ಆದರೂ ಒಂದು ಕೊರತೆ ಕೊರೆಯುತ್ತದೆ. ಆ ಹಗ್ಗ ಹೊಸೆದವರು ಯಾರು, ಅವರಿಗೆ ಎಷ್ಟು ಕೂಲಿ, ಬೀದಿ ನಾಟಕದ ಕೊನೆಗೆ ತಮ್ಮೂರಿನ ಕತೆ ಹೇಳಿದವರು ಏನೆಂದರು? ನನ್ನ ಕಪಾಟಿನ ಕ್ಯಾಟಲಾಗುಗಳಲ್ಲಿ ಇದು ಸಿಗುವುದಿಲ್ಲ. ಅವೆಲ್ಲ ಇಂಗ್ಲಿಷಿನವು ಬೇರೆ. ಶೋಧನೆ ಯಾರ ಬದುಕಿನಿಂದ ಹೊರಟಿತೋ ಅವರ ನುಡಿಗೆ ಅದು ಮರಳಿ ಬಂದಿಲ್ಲ. ಎಪ್ಪತ್ತು, ಎಂಬತ್ತರ ದಶಕದ ಬೀದಿ ನಾಟಕಗಳ ನೋಟ್‌ಬುಕ್ಕು, ಕರಪತ್ರ, ಫೋಟೊ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಜೆರಾಕ್ಸ್ ಮಾಡಿಸಿ, ಹತ್ತಿರದ ಯಾವುದಾದರೂ ಗ್ರಂಥಾಲಯಕ್ಕೆ ಕೊಡಿ.