‘ಸೆಟ್’ ಎಂಬುದು ಎಷ್ಟು ಪದ? ನಾನಾರ್ಥತೆಯ ಎಣಿಕೆ ಮತ್ತು ಪದಚರಿತ್ರೆ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದೆಂಬ ಪ್ರಶ್ನೆಗೆ ಬಹುಕಾಲ ದೊರೆಯುತ್ತಿದ್ದ ಉತ್ತರ ‘ಸೆಟ್’. 1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯು ಈ ಕ್ರಿಯಾಪದಕ್ಕೆ 430 ಅರ್ಥಗಳನ್ನು ಗುರುತಿಸಿ, ಸುಮಾರು 60,000 ಪದಗಳಷ್ಟು ದೀರ್ಘವಾದ ನಮೂದನ್ನು ನೀಡಿತು. ನಿಘಂಟಿನ ಪರಿಷ್ಕರಣೆ ಮುಂದುವರಿದಂತೆ, 2011ರ ವೇಳೆಗೆ, ‘ರನ್’ ಕ್ರಿಯಾಪದವು 645 ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ಇಂಥ ಸಂಖ್ಯೆಗಳನ್ನು ಪದದ ಸಹಜಗುಣವೆಂಬಂತೆ ಉಲ್ಲೇಖಿಸುವುದು ವಾಡಿಕೆ. ಆದರೆ ಅರ್ಥಗಳನ್ನು ಎಣಿಸುವ ಮೊದಲು, ಎಣಿಕೆಗೆ ಒಳಗಾಗುವ ಪದ ಒಂದೇ ಎಂಬುದು ಖಚಿತವಾಗಬೇಕು. ‘ಸೆಟ್’ ಪದದ ಚರಿತ್ರೆ ಆ ಖಚಿತತೆಯನ್ನು ಅಲುಗಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಕ್ರಿಯಾಪದವು ‘ಕುಳಿತುಕೊಳ್ಳು’ ಎಂಬರ್ಥದ ‘ಸಿಟ್ಟನ್’ನ ಪ್ರೇರಣಾರ್ಥಕ ರೂಪ. ಗಾಥಿಕ್ ಭಾಷೆಯ ‘ಸತ್ಯನ್’ ಮತ್ತು ಜರ್ಮನ್ ಭಾಷೆಯ ‘ಜೆಟ್ಸೆನ್’ ಇದರ ಜ್ಞಾತಿಪದಗಳು. ಮೂಲ ಜರ್ಮಾನಿಕ್‌ನ ಪ್ರೇರಣಾರ್ಥಕ ಪ್ರತ್ಯಯದಲ್ಲಿದ್ದ ಯಕಾರವು ಹಿಂದಿನ ವ್ಯಂಜನಕ್ಕೆ ದ್ವಿತ್ವವನ್ನೂ ಧಾತುವಿನ ಅಕಾರಕ್ಕೆ ಎಕಾರವನ್ನೂ ತಂದು, ತಾನು ಲೋಪವಾಯಿತು. ಕನ್ನಡದ ‘ಕೂರು–ಕೂರಿಸು’ ಜೋಡಿಯಲ್ಲಿ ‘ಇಸು’ ಪ್ರತ್ಯಯ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನ ‘ಸಿಟ್–ಸೆಟ್’ ಜೋಡಿಯಲ್ಲಿ ಉಳಿದಿರುವುದು ಸ್ವರಭೇದ ಮಾತ್ರ. ಪ್ರತ್ಯಯ ಮರೆಯಾದಾಗ ‘ಸೆಟ್’ ತನ್ನ ಮೂಲಧಾತುವಿನ ಹಿಡಿತದಿಂದ ಬಿಡಿಸಿಕೊಂಡಿತು. ಇಡು, ನೆಡು, ಗೊತ್ತುಪಡಿಸು, ನೇಮಿಸು, ಗಟ್ಟಿಯಾಗು, ಅಸ್ತಮಿಸು ಮೊದಲಾದ ಅರ್ಥಗಳಿಗೆ ಅದು ಹರಡಿತು. ಮಧ್ಯಕಾಲೀನ ಇಂಗ್ಲಿಷಿನಿಂದ ಮೊದಲ್ಗೊಂಡು ಕೆಲವು ಬಳಕೆಗಳಲ್ಲಿ ಅದು ‘ಸಿಟ್’ನ ಸ್ಥಾನವನ್ನೇ ಆಕ್ರಮಿಸಿದ್ದೂ ಉಂಟು.

ಎರಡನೆಯ ಧಾರೆ ಲ್ಯಾಟಿನ್ ಮೂಲದ್ದು. ಅನುಸರಿಸುವುದನ್ನು ಸೂಚಿಸುವ ಧಾತುವಿನಿಂದ ಬಂದ ‘ಸೆಕ್ಟ’ ಪದವು ಅನುಯಾಯಿವರ್ಗ, ಪಂಥ ಎಂಬ ಅರ್ಥಗಳನ್ನು ಪಡೆದು, ಹಳೆಯ ಫ್ರೆಂಚಿನ ‘ಸೆಟ್ಟೆ’ಯ ಮೂಲಕ ಇಂಗ್ಲಿಷಿಗೆ ಬಂದಿತು. ‘ಜನರ ಗುಂಪು’ ಎಂಬರ್ಥದ ಈ ನಾಮಪದಕ್ಕೂ ಇಡುವ, ಕೂರಿಸುವ ಕ್ರಿಯೆಗೂ ಹುಟ್ಟಿನಲ್ಲಿ ಯಾವ ನಂಟೂ ಇಲ್ಲ. ಆಕ್ಸ್‌ಫರ್ಡ್ ನಿಘಂಟು ಈ ಕಾರಣದಿಂದಲೇ ಇದನ್ನು ಕ್ರಿಯಾಪದಜನ್ಯ ನಾಮಪದದಿಂದ ಬೇರ್ಪಡಿಸಿದೆ. ಆದರೆ ಭಾಷಿಕರು ಹಾಗೆ ಬೇರ್ಪಡಿಸಲಿಲ್ಲ. ಪಾತ್ರೆಗಳ ಸೆಟ್, ಪುಸ್ತಕಗಳ ಸೆಟ್ ಎಂದಾಗ ‘ಒಟ್ಟಿಗೆ ಇಡಲಾದವು’ ಎಂಬ ಗ್ರಹಿಕೆ ಅದಕ್ಕೆ ಸೇರಿಕೊಂಡಿತು. ಮೂಲತಃ ಸಮರೂಪಿಗಳಾದ ಎರಡು ಪದಗಳು ಮರುವಿಶ್ಲೇಷಣೆಯಿಂದ ನಾನಾರ್ಥಕವಾದ ಒಂದೇ ಪದದಂತೆ ತೋರತೊಡಗಿದವು.

ಈ ಬೆಸುಗೆ ಕೇವಲ ಆಕಸ್ಮಿಕವಲ್ಲ. ‘ಜೆಟ್ಸೆನ್’ಗೆ ಸಂಬಂಧಿಸಿದ ಜರ್ಮನ್ ನಾಮಪದ ‘ಜಟ್ಸ್’ಗೆ ವಾಕ್ಯ ಎಂಬ ಅರ್ಥದ ಜೊತೆಗೆ ಉಪಕರಣಗಳ ಜೊತೆ, ಟೆನಿಸ್ ಆಟದ ಸೆಟ್ ಎಂಬ ಅರ್ಥಗಳೂ ಇವೆ. ‘ಇಡು’ವಿನಿಂದ ‘ಸಮೂಹ’ಕ್ಕೆ ಸಾಗುವ ಅರ್ಥಮಾರ್ಗ ಲ್ಯಾಟಿನ್ನಿನ ನೆರವಿಲ್ಲದೆಯೂ ತೆರೆದುಕೊಳ್ಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಮಾರ್ಗ ಸುಲಭವಾಗಿದ್ದುದರಿಂದಲೇ ಇಂಗ್ಲಿಷಿನಲ್ಲಿ ಎರಡು ಧಾರೆಗಳು ಕೂಡಿಕೊಂಡವು.

ಕನ್ನಡದ ಒಂದು ಉದಾಹರಣೆ ಇದರ ಮರುಮುಖವನ್ನು ತೋರಿಸುತ್ತದೆ. ಹಳಗನ್ನಡದಲ್ಲಿ ‘ತಿಳಿ’ ಎಂಬರ್ಥದ ‘ಅಱಿ’ ಮತ್ತು ‘ಕತ್ತರಿಸು’ ಎಂಬರ್ಥದ ‘ಅರಿ’ ಬೇರೆ ಬೇರೆ. ಱಕಾರವು ರಕಾರದಲ್ಲಿ ಲೀನವಾದ ಮೇಲೆ ಇವೆರಡೂ ಏಕರೂಪವಾದವು. ‘ಶತ್ರು’ ಎಂಬರ್ಥದ ಸಂಸ್ಕೃತದ ‘ಅರಿ’ಯೂ ಅದೇ ರೂಪದಲ್ಲಿದೆ. ಆದರೂ ಇವು ಒಂದೇ ಪದದ ಅರ್ಥಗಳೆಂದು ಯಾರೂ ಭಾವಿಸುವುದಿಲ್ಲ. ರೂಪದ ಐಕ್ಯವಿದ್ದರೂ ಅರ್ಥಗಳ ನಡುವೆ ಸೇತುವೆ ಏರ್ಪಡಲಿಲ್ಲ.

ಆದ್ದರಿಂದ ನಾನಾರ್ಥತೆಯ ಎಣಿಕೆಯಲ್ಲಿ ಮೂರು ಅಂಶಗಳು ಬೆರೆತಿರುತ್ತವೆ: ಧ್ವನಿಪರಿವರ್ತನೆ ತಂದ ರೂಪಸಾಮ್ಯ, ಭಾಷಿಕರು ಕಟ್ಟಿಕೊಂಡ ಅರ್ಥಸಂಬಂಧ ಮತ್ತು ನಿಘಂಟುಕಾರರ ವಿಭಜನೆ. ವ್ಯುತ್ಪತ್ತಿಯನ್ನೇ ಪ್ರಮಾಣವಾಗಿಸಿಕೊಂಡರೆ ‘ಸೆಟ್’ ಹಲವು ಪದ. ಭಾಷಿಕರ ಗ್ರಹಿಕೆಯನ್ನು ಅನುಸರಿಸಿದರೆ ಆ ಗಡಿಗಳು ಅಳಿಸುತ್ತವೆ. ‘ಸೆಟ್ ದೋಸೆ’ ಎಂದೂ ‘ಸೆಟ್ ಮಾಡು’, ‘ಸೆಟ್ ಆಗು’ ಎಂದೂ ಬಳಸುವ ಇಂದಿನ ಕನ್ನಡ ಈ ಎರಡು ಧಾರೆಗಳನ್ನೂ ಒಂದೇ ರೂಪದಲ್ಲಿ ಸ್ವೀಕರಿಸಿದೆ. ಅದಕ್ಕೆ ಒಂದು ನಮೂದು ಸಾಕೇ, ಎರಡು ಬೇಕೇ ಎಂಬುದನ್ನು ಕನ್ನಡ ನಿಘಂಟು ತೀರ್ಮಾನಿಸುವಾಗ ಲ್ಯಾಟಿನ್ನಿನ ಚರಿತ್ರೆಗಿಂತ ಕನ್ನಡ ಭಾಷಿಕರ ಗ್ರಹಿಕೆಯೇ ಪ್ರಮಾಣವಾಗಬೇಕು.